ವೆಬ್‌ಸೈಟ್ ಚೆಂದ, ಆರ್ಡರ್ ಮಾತ್ರ ಅಷ್ಟೇ

ಪ್ರಶ್ನೆ: ಮಂಡ್ಯ ತಾಲ್ಲೂಕಿನಲ್ಲಿ ನಮ್ಮದೊಂದು ಆಲೆಮನೆ ಇದೆ. ರಾಸಾಯನಿಕ ಹಾಕದೆ ಅಚ್ಚು ಬೆಲ್ಲ, ಪುಡಿ ಬೆಲ್ಲ, ಜೋನಿ ಬೆಲ್ಲ ಮಾಡಿ ಮೈಸೂರು, ಬೆಂಗಳೂರಿಗೆ ಆನ್‌ಲೈನಿನಲ್ಲಿ ಕಳಿಸುತ್ತೇವೆ. 85,000 ರೂಪಾಯಿ ಮಾತಾಡಿ ಹೊಸ ವೆಬ್‌ಸೈಟ್ ಮಾಡಿಸಿದೆವು. ತೆರೆದ ಕೂಡಲೇ ಕಬ್ಬಿನ ಗದ್ದೆಯ ಡ್ರೋನ್ ವಿಡಿಯೊ ಓಡುತ್ತದೆ, ನೋಡಿದವರೆಲ್ಲ ಹೊಗಳುತ್ತಾರೆ. ತಿಂಗಳಿಗೆ ಸುಮಾರು 2,500 ಜನ ಬರುತ್ತಾರಂತೆ. ಹಳೆಯ ಸೈಟಿನಲ್ಲಿ ತಿಂಗಳಿಗೆ 30 ಆರ್ಡರ್ ಬರುತ್ತಿತ್ತು, ಈಗಲೂ 30, 31. ಆರ್ಡರ್ ಒಂದಕ್ಕೆ ಸರಾಸರಿ 600 ರೂಪಾಯಿ, ಎಲ್ಲ ಕಳೆದು ಕೈಗೆ 150 ಉಳಿಯುತ್ತದೆ. ಡಿಸೈನ್ ಸರಿ ಇದೆಯೋ ಇಲ್ಲವೋ ಎಂದು ಹೇಗೆ ತೀರ್ಮಾನಿಸುವುದು? ಮಾಡಿಕೊಟ್ಟವರಿಗೆ ಇನ್ನೂ 20,000 ಬಾಕಿ ಇದೆ, ಕೊಡುವುದೋ ಬೇಡವೋ? ಮೊಬೈಲಿನ ಸ್ಕ್ರೀನ್‌ಶಾಟ್‌ಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಮೊದಲು ಪೆನ್ನು ಹಿಡಿದು ಒಂದು ಭಾಗಾಕಾರ ಮಾಡಿ. 85,000ವನ್ನು 150ರಿಂದ ಭಾಗಿಸಿದರೆ ಸುಮಾರು 567. ಅಂದರೆ ಈ ವೆಬ್‌ಸೈಟ್ ಹಾಕಿದ ದುಡ್ಡು ಹುಟ್ಟಿಸಬೇಕಾದರೆ, ಹಳೆಯದು ಹೇಗೂ ತರುತ್ತಿದ್ದ ಆರ್ಡರ್‌ಗಳ ಮೇಲೆ 567 ಆರ್ಡರ್ ಹೆಚ್ಚಿಗೆ ತರಬೇಕು. ಎರಡು ವರ್ಷದ ಗಡುವು ಇಟ್ಟರೆ ತಿಂಗಳಿಗೆ 24. ಮೂವತ್ತು ಆರ್ಡರ್ ಐವತ್ನಾಲ್ಕಾಗಬೇಕು. ಈ ಲೆಕ್ಕವನ್ನು ದುಡ್ಡು ಕೊಡುವ ಮೊದಲೇ ಹಾಕಿದ್ದರೆ ಡ್ರೋನ್ ವಿಡಿಯೊ ಮಾತೇ ಬರುತ್ತಿರಲಿಲ್ಲ.

ಆದರೆ 24 ಎಂಬುದು ಚಿಲ್ಲರೆ ಗಿರಾಕಿಯ ಲೆಕ್ಕ. ಮೈಸೂರಿನ ಒಂದು ಸಿಹಿತಿಂಡಿ ಅಂಗಡಿಯೋ ಸಾವಯವ ಮಳಿಗೆಯೋ ತಿಂಗಳಿಗೆ 200 ಕಿಲೋ ಖಾಯಮ್ಮಾಗಿ ತೆಗೆದುಕೊಂಡು, ಕಿಲೋಗೆ 12 ರೂಪಾಯಿ ಉಳಿದರೂ 2,400 ಆಯಿತು. ಅದು 16 ಚಿಲ್ಲರೆ ಆರ್ಡರ್‌ಗೆ ಸಮ. ಹಾಗೆಯೇ, ಒಮ್ಮೆ ಕೊಂಡವರು ಎರಡು ತಿಂಗಳಿಗೊಮ್ಮೆ ಮರಳಿ ಬಂದರೆ ಹೊಸಬರನ್ನು ಹುಡುಕುವ ಕೆಲಸ ಅರ್ಧ ಕಮ್ಮಿ. ಹೀಗಾಗಿ ‘ವೆಬ್‌ಸೈಟಿನಿಂದ ವ್ಯಾಪಾರ ಹೆಚ್ಚಬೇಕು’ ಎಂದು ಬಿಟ್ಟರೆ ಅದು ಗುರಿಯಾಗುವುದಿಲ್ಲ. ನಿಮ್ಮ ವಿಷಯದಲ್ಲಿ ಗುರಿ ಮೂರು: ಚಿಲ್ಲರೆ ಆರ್ಡರ್, ಮರಳಿ ಬರುವ ಗಿರಾಕಿ, ಸಗಟು ವಿಚಾರಣೆ. ಒಂದೊಂದರ ಎದುರಿಗೂ ಒಂದು ಅಂಕಿ, ಒಂದು ಗಡುವು ಬರೆಯಿರಿ. ಆಮೇಲೆ ಸೈಟಿನ ಒಂದೊಂದು ಪುಟ ತೆರೆದು, ಇದು ಈ ಮೂರರಲ್ಲಿ ಯಾವುದಕ್ಕೆ ದುಡಿಯುತ್ತಿದೆ ಎಂದು ಕೇಳಿ. ನೀವು ಕಳಿಸಿರುವ ಹತ್ತು ಸ್ಕ್ರೀನ್‌ಶಾಟ್‌ಗಳಲ್ಲಿ ಸಗಟು ಗಿರಾಕಿಗೆಂದು ಒಂದು ಸಾಲೂ ಇಲ್ಲ. ‘ನಮ್ಮ ಬಗ್ಗೆ’ ಪುಟ ಮಾತ್ರ ಆರು ಪರದೆ ಉದ್ದ ಇದೆ.

ಡಿಸೈನ್ ಬಗ್ಗೆ ಯಾರೇ ಏನು ಹೇಳಿದರೂ, ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ‘ಇದರಿಂದ ಇಂಥವರು ಇಂಥ ಕೆಲಸ ಮಾಡಲು ಅನುಕೂಲವಾಯಿತು’ ಅಥವಾ ‘ಅಡ್ಡಿಯಾಯಿತು’ ಎಂಬ ರೂಪಕ್ಕೆ ತಿರುಗಿಸಿ ನೋಡಿ. ತಿರುಗದಿದ್ದರೆ ಪಕ್ಕಕ್ಕಿಡಿ. ‘ಬಣ್ಣ ಚೆನ್ನಾಗಿದೆ’ ತಿರುಗುವುದಿಲ್ಲ. ‘ಫೋಟೊದ ಬಣ್ಣ ನೋಡಿ ಇದು ಹೈಡ್ರೋಸ್ ಹಾಕಿದ ಬೆಲ್ಲ ಅನ್ನಿಸುತ್ತದೆ’ ಚೆನ್ನಾಗಿ ತಿರುಗುತ್ತದೆ. ಹೈಡ್ರೋಸ್ ಎಂದರೆ ಬೆಲ್ಲದ ಬಣ್ಣ ತಿಳಿಯಾಗಲೆಂದು ಹಾಕುವ ರಾಸಾಯನಿಕ.

ಈ ಎರಡನೆಯ ಮಾತನ್ನು ಸುಮ್ಮನೆ ಉದಾಹರಣೆಗೆ ಹೇಳಿದ್ದಲ್ಲ. ನಿಮ್ಮ ಅಚ್ಚು ಬೆಲ್ಲದ ಪುಟದ ಫೋಟೊ ನೋಡಿ. ಬೆಳಕು ಏರಿಸಿ, ಬಣ್ಣ ತಿದ್ದಿ, ಬೆಲ್ಲವನ್ನು ಹೊಂಬಣ್ಣಕ್ಕೆ ತಂದಿದ್ದಾರೆ. ಚಿತ್ರವಾಗಿ ಸೊಗಸಾಗಿದೆ. ಆದರೆ ರಾಸಾಯನಿಕ ಹಾಕದ ಬೆಲ್ಲ ಗಾಢ ಕಂದು, ಕೆಲವೊಮ್ಮೆ ಕಪ್ಪು ಮಿಶ್ರಿತ ಕಂದು ಇರುತ್ತದೆ. ಬಿಳಿಚಿಕೊಂಡ ಹಳದಿ ಬರುವುದು ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಸುರಿದಾಗ. ಹೆಚ್ಚು ದುಡ್ಡು ಕೊಟ್ಟು ನಿಮ್ಮ ಬೆಲ್ಲವನ್ನೇ ಹುಡುಕಿಕೊಂಡು ಬರುವ ಗಿರಾಕಿಗೆ ಇದು ಚೆನ್ನಾಗಿ ಗೊತ್ತು, ಅವರು ಬಂದಿರುವುದೇ ಅದಕ್ಕೆ. ಅವರಿಗೆ ಹಳದಿ ಬೆಲ್ಲ ತೋರಿಸಿ ಕೆಳಗೆ ‘ರಾಸಾಯನಿಕ ಮುಕ್ತ’ ಎಂದು ಬರೆದರೆ ನಂಬುವುದು ಕಣ್ಣನ್ನೇ ಹೊರತು ಅಕ್ಷರವನ್ನಲ್ಲ. ಹಗಲು ಬೆಳಕಿನಲ್ಲಿ, ಬಿಳಿ ತಟ್ಟೆಯ ಮೇಲೆ, ಮುರಿದ ಅಚ್ಚಿನ ಒಳಮೈ ಕಾಣುವಂತೆ ತೆಗೆದು ಬಣ್ಣ ತಿದ್ದದೆ ಹಾಕಿ. ಪಕ್ಕದಲ್ಲಿ ಅಂಗೈ ಇದ್ದರೆ ಗಾತ್ರವೂ ತಿಳಿಯುತ್ತದೆ.

ಇನ್ನು ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸ. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಹಾಕಿದ್ದಾರೆ ಎಂದಾದರೆ ಆರ್ಡರಿನ ದಾರಿಯನ್ನು ಐದು ಮೆಟ್ಟಿಲಾಗಿ ಒಡೆಯಬಹುದು: ಸೈಟಿಗೆ ಬಂದವರು, ಒಂದು ಸರಕಿನ ಪುಟ ತೆರೆದವರು, ಬುಟ್ಟಿಗೆ ಹಾಕಿದವರು, ವಿಳಾಸ ತುಂಬಲು ಶುರುಮಾಡಿದವರು, ಹಣ ಕಟ್ಟಿದವರು. ಅನಲಿಟಿಕ್ಸ್ ಭಾಷೆಯಲ್ಲಿ ಕೊನೆಯ ನಾಲ್ಕಕ್ಕೆ ವ್ಯೂ ಐಟಂ, ಆ್ಯಡ್ ಟು ಕಾರ್ಟ್, ಬಿಗಿನ್ ಚೆಕೌಟ್, ಪರ್ಚೇಸ್ ಎಂಬ ಹೆಸರುಗಳಿವೆ. ಇವು ತಮ್ಮಷ್ಟಕ್ಕೆ ದಾಖಲಾಗುವುದಿಲ್ಲ, ಸೈಟ್ ಮಾಡಿದವರು ಜೋಡಿಸಬೇಕು. ‘ಅನಲಿಟಿಕ್ಸ್ ಇದೆ’ ಅನ್ನುವ ಎಷ್ಟೋ ಸೈಟ್‌ಗಳಲ್ಲಿ ಎಷ್ಟು ಜನ ಬಂದರು ಎಂಬುದೊಂದೇ ಇರುತ್ತದೆ.

ಅಂಕಿ ಹೀಗೆ ಬಂತು ಎಂದಿಟ್ಟುಕೊಳ್ಳಿ: 2,500 ಜನ ಬಂದರು, 1,000 ಜನ ಸರಕು ನೋಡಿದರು, 170 ಜನ ಬುಟ್ಟಿಗೆ ಹಾಕಿದರು, 120 ಜನ ವಿಳಾಸದ ಪುಟಕ್ಕೆ ಹೋದರು, 31 ಜನ ಹಣ ಕಟ್ಟಿದರು. ಮುಖಪುಟದ ಬಗ್ಗೆ ಎಷ್ಟು ವಾದ ಮಾಡಿದರೂ ಇಲ್ಲಿ ಉಪಯೋಗವಿಲ್ಲ. ಕೊಳ್ಳಲು ಮನಸ್ಸು ಮಾಡಿ ವಿಳಾಸ ಬರೆಯಲು ಕೂತ ನಾಲ್ವರಲ್ಲಿ ಮೂವರು ಎದ್ದು ಹೋಗಿದ್ದಾರೆ, ತೂತು ಅಲ್ಲಿದೆ. ಅದೇ, 2,500ರಲ್ಲಿ 300 ಜನ ಮಾತ್ರ ಸರಕಿನ ಪುಟ ತಲುಪಿದ್ದರೆ ಮುಖಪುಟವೋ, ಜಾಹೀರಾತು ತಪ್ಪು ಜನರನ್ನು ಕರೆತಂದದ್ದೋ ಕಾರಣ. ಸಾವಿರ ಜನ ಸರಕು ನೋಡಿ ಮೂವತ್ತೇ ಜನ ಬುಟ್ಟಿಗೆ ಹಾಕಿದ್ದರೆ ಬೆಲೆ, ಫೋಟೊ, ನಂಬಿಕೆ ಇವುಗಳ ಮೇಲೆ ಅನುಮಾನ ಪಡಬೇಕು.

ಈ ಲೆಕ್ಕ ನಂಬುವ ಮುನ್ನ ಮೂರು ಕಡೆ ತಪ್ಪು ನುಸುಳುತ್ತದೆ. ಒಂದು, ನೀವು, ನಿಮ್ಮ ಮನೆಯವರು, ಸೈಟ್ ಮಾಡಿದವರು ದಿನಾ ತೆರೆದು ನೋಡುವುದೂ ‘ಬಂದವರ’ ಲೆಕ್ಕಕ್ಕೆ ಸೇರುತ್ತದೆ. ಅದನ್ನು ಸೋಸುವ ಸೌಲಭ್ಯವಿದೆ, ಹಾಕಿಸಿ. ಎರಡು, ಯುಪಿಐಯಲ್ಲಿ ಹಣ ಕಟ್ಟುವವರು ಆ್ಯಪ್‌ಗೆ ಹೋಗಿ ಕಟ್ಟಿ, ಮತ್ತೆ ಬ್ರೌಸರಿಗೆ ಬರದೆ ಹಾಗೇ ಫೋನ್ ಜೇಬಿಗಿಳಿಸುತ್ತಾರೆ. ‘ಧನ್ಯವಾದ’ ಪುಟ ತೆರೆದಾಗ ಮಾತ್ರ ಪರ್ಚೇಸ್ ಎಣಿಸುವಂತೆ ಮಾಡಿದ್ದರೆ ಆ ಆರ್ಡರ್ ಅನಲಿಟಿಕ್ಸ್‌ನಲ್ಲಿ ಇರುವುದೇ ಇಲ್ಲ. ಆದ್ದರಿಂದ ಆರ್ಡರಿನ ಸಂಖ್ಯೆಯನ್ನು ಪೇಮೆಂಟ್ ಗೇಟ್‌ವೇಯ, ಅಂದರೆ ಗಿರಾಕಿಯ ಹಣ ಪಡೆದು ನಿಮಗೆ ತಲುಪಿಸುವ ಸೇವೆಯ, ಲೆಕ್ಕದಿಂದ ತೆಗೆದುಕೊಳ್ಳಿ, ಅನಲಿಟಿಕ್ಸ್‌ನಿಂದಲ್ಲ. ಮೂರು, ವಿವರವಾದ ದತ್ತಾಂಶವನ್ನು ಗೂಗಲ್ ತಾನಾಗಿ ಇಟ್ಟುಕೊಳ್ಳುವುದು ಎರಡು ತಿಂಗಳು ಮಾತ್ರ. ಸೆಟ್ಟಿಂಗ್‌ನಲ್ಲಿ ಅದನ್ನು 14 ತಿಂಗಳಿಗೆ ಏರಿಸಬಹುದು, ಉಚಿತ. ಇವತ್ತೇ ಏರಿಸಿ, ಹಿಂದಿನದು ಮರಳಿ ಸಿಗುವುದಿಲ್ಲ.

ಸೈಟ್ ನೋಡಿ ಫೋನ್ ಮಾಡುವವರ ಲೆಕ್ಕ ಬೇರೆ. ನಮ್ಮ ಕಡೆ ಇದು ಸಣ್ಣ ಸಂಖ್ಯೆಯಲ್ಲ. ಎಲ್ಲ ನೋಡಿ, ಕೊನೆಗೆ ‘ಒಂದು ಮಾತು ಕೇಳೇಬಿಡೋಣ’ ಎಂದು ನಂಬರ್ ಒತ್ತುವವರು ಇದ್ದೇ ಇರುತ್ತಾರೆ. ಆ ಆರ್ಡರ್ ಸೈಟಿನ ಖಾತೆಗೆ ಬೀಳುವುದಿಲ್ಲ, ಸೈಟ್ ದುಡಿದೇ ಇಲ್ಲ ಅನ್ನಿಸುತ್ತದೆ. ಇದಕ್ಕೊಂದು ಸುಲಭ ಉಪಾಯವಿದೆ. ವಾಟ್ಸಾಪ್ ಕೊಂಡಿಯಲ್ಲಿ ಮೊದಲೇ ಬರೆದಿಟ್ಟ ಸಂದೇಶ ಸೇರಿಸಬಹುದು. ಪುಡಿ ಬೆಲ್ಲದ ಪುಟದ ಗುಂಡಿ ಒತ್ತಿದರೆ ‘ಪುಡಿ ಬೆಲ್ಲದ ಬಗ್ಗೆ ಕೇಳಬೇಕಿತ್ತು’ ಎಂದೂ, ಸಗಟು ಪುಟದ್ದಾದರೆ ‘ಅಂಗಡಿಗೆ ಬೆಲ್ಲ ಬೇಕಿತ್ತು’ ಎಂದೂ ಸಂದೇಶ ತಾನಾಗಿ ಬರುತ್ತದೆ. ಗಿರಾಕಿ ಕಳಿಸು ಒತ್ತಿದರೆ ಸಾಕು, ಯಾವ ಪುಟದಿಂದ ಬಂದರು ಎಂಬುದು ನಿಮ್ಮ ಫೋನಿನಲ್ಲೇ ದಾಖಲು. ಕರೆ ಮಾಡುವವರಿಗೆ ‘ಎಲ್ಲಿ ನೋಡಿದಿರಿ’ ಎಂದು ಕೇಳಿ ಪುಸ್ತಕದಲ್ಲಿ ಒಂದು ಗೀಟು ಹಾಕಿ. ಒಂದು ತಿಂಗಳ ಗೀಟು ಎಣಿಸಿದರೆ ನಿಮ್ಮ ‘30’ ನಿಜಕ್ಕೂ 30 ಹೌದೋ ಅಲ್ಲವೋ ಗೊತ್ತಾಗುತ್ತದೆ.

ಈಗ ವಿಳಾಸದ ಪುಟಕ್ಕೆ ಬರೋಣ. ನಿಮ್ಮ ಸ್ಕ್ರೀನ್‌ಶಾಟ್‌ಗಳಲ್ಲಿ ನನಗೆ ಅತಿ ಹೆಚ್ಚು ಕಳವಳ ತಂದದ್ದು ಇದೇ. ಬುಟ್ಟಿಯಲ್ಲಿ ಒಂದು ಕಿಲೋ ಪುಡಿ ಬೆಲ್ಲ, 120 ರೂಪಾಯಿ. ಮುಂದಕ್ಕೆ ಒತ್ತಿದರೆ ಮೊದಲು ಖಾತೆ ತೆರೆಯಿರಿ ಅನ್ನುತ್ತದೆ. ಇಮೇಲ್ ಕಡ್ಡಾಯ, ಪಾಸ್‌ವರ್ಡ್ ಎರಡು ಸಲ. ಆಮೇಲೆ ಹನ್ನೊಂದು ಚೌಕ ತುಂಬಬೇಕು. ರಾಜ್ಯದ ಪಟ್ಟಿ ಅಂಡಮಾನ್‌ನಿಂದ ಶುರುವಾಗುತ್ತದೆ, ಕರ್ನಾಟಕಕ್ಕೆ ಬೆರಳಿನಿಂದ ಸರಿಸಿಕೊಂಡು ಬರಬೇಕು. ಇಷ್ಟೆಲ್ಲ ಆದ ಮೇಲೆ, ಹಣ ಕಟ್ಟುವ ಪರದೆಯಲ್ಲಿ ಮೊಟ್ಟಮೊದಲ ಬಾರಿಗೆ ಸಾಗಾಟದ ವೆಚ್ಚ ಕಾಣುತ್ತದೆ: 85 ರೂಪಾಯಿ. 120ರ ಬೆಲ್ಲ 205 ಆಯಿತು. ಅಲ್ಲೇ ಎದ್ದು ಹೋಗುತ್ತಾರೆ. ಹೋಗದವರನ್ನು ಕಂಡರೆ ಆಶ್ಚರ್ಯಪಡಬೇಕು.

ಇದು ಜಾಣತನದ ಪ್ರಶ್ನೆ ಮಾತ್ರವಲ್ಲ. ಬೆಲೆಯ ಒಂದು ಭಾಗವನ್ನು ಮೊದಲು ಬಚ್ಚಿಟ್ಟು ಕೊನೆಯಲ್ಲಿ ತೋರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ‘ಡ್ರಿಪ್ ಪ್ರೈಸಿಂಗ್’ ಎಂದು ಕರೆದು, ಗ್ರಾಹಕರನ್ನು ದಾರಿ ತಪ್ಪಿಸುವ 13 ಮಾದರಿಗಳ ಪಟ್ಟಿಯಲ್ಲಿ ಸೇರಿಸಿದೆ.

ಸರಿಪಡಿಸುವ ದಾರಿ ಡಿಸೈನಿನಲ್ಲೂ ಇದೆ, ವ್ಯಾಪಾರದಲ್ಲೂ ಇದೆ, ಎರಡನ್ನೂ ಬಿಡಿಸಲಾಗದು. ಬೆಲ್ಲ ತೂಕದ ಸರಕು, ಬೆಲೆ ಕಮ್ಮಿ. ಕೊರಿಯರ್ ಲೆಕ್ಕ ಹಾಕುವುದು ತೂಕದ ಮೇಲೆ. ಒಂದು ಕಿಲೋ ಕಳಿಸುವುದು ಯಾರಿಗೂ ಗಿಟ್ಟುವುದಿಲ್ಲ. ನಿಮ್ಮ ಸರಾಸರಿ 600 ಎಂದರೆ ಬಹುಪಾಲು ಗಿರಾಕಿಗಳು ಹೇಗೂ ನಾಲ್ಕೈದು ಕಿಲೋ ಮಾಲು ಕೊಳ್ಳುತ್ತಿದ್ದಾರೆ. ಹಾಗಿದ್ದ ಮೇಲೆ ಸೈಟ್ ಮೊದಲು ತೋರಿಸಬೇಕಾದದ್ದು 5 ಕಿಲೋ ಕಟ್ಟು: ಮೂರು ಅಚ್ಚು, ಒಂದು ಪುಡಿ, ಒಂದು ಜೋನಿ, ‘ಮೈಸೂರು, ಬೆಂಗಳೂರಿಗೆ ತಲುಪಿಸುವ ಖರ್ಚು ಸೇರಿ ಇಷ್ಟು’ ಎಂಬ ಒಂದೇ ಬೆಲೆ. ಒಂದು ಕಿಲೋ ಬೇಕೆನ್ನುವವರಿಗೆ ಅದು ಕೆಳಗಿರಲಿ, ಬೆಲೆಯ ಪಕ್ಕದಲ್ಲೇ ಪಿನ್‌ಕೋಡ್ ಚೌಕ ಇರಲಿ. 570009 ಎಂದು ಒತ್ತಿದ ಕೂಡಲೇ ಸಾಗಾಟ ಎಷ್ಟು, ಯಾವ ದಿನ ತಲುಪುತ್ತದೆ ಎಂದು ಸರಕಿನ ಪುಟದಲ್ಲೇ ಹೇಳಬೇಕು. ಪಿನ್‌ಕೋಡ್ ಸಿಕ್ಕ ಮೇಲೆ ಊರು, ರಾಜ್ಯ ತಾನಾಗಿ ತುಂಬಿಕೊಳ್ಳುತ್ತದೆ. ಖಾತೆ ಬೇಡ. ಮೊಬೈಲ್ ನಂಬರ್ ಸಾಕು, ಇಮೇಲ್ ಐಚ್ಛಿಕ. ಹೆಸರು, ಮೊಬೈಲ್, ಪಿನ್‌ಕೋಡ್, ಮನೆ ನಂಬರ್ ಮತ್ತು ರಸ್ತೆ, ಗುರುತಿನ ಜಾಗ: ಐದು ಚೌಕ. ನಂಬರ್ ತುಂಬುವ ಕಡೆ ಅಂಕಿಯ ಕೀಲಿಮಣೆಯೇ ತೆರೆಯಬೇಕು. ಒಂದು ಸಾಲಿನ ಕೋಡು, ಆದರೂ ನಿಮ್ಮಲ್ಲಿಲ್ಲ.

ಡ್ರೋನ್ ವಿಡಿಯೊ ತೆಗೆದುಹಾಕಿ. ಅದು 18 ಎಂಬಿ ಇದೆ ಎಂದು ಸ್ಕ್ರೀನ್‌ಶಾಟಿನಲ್ಲೇ ಕಾಣುತ್ತಿದೆ. ಸೆಕೆಂಡಿಗೆ 5 ಮೆಗಾಬಿಟ್ ಸಿಗುವ ಮೊಬೈಲಿನಲ್ಲಿ ಅಷ್ಟು ಇಳಿಯಲು ಸುಮಾರು 29 ಸೆಕೆಂಡು ಬೇಕು. ಗೂಗಲ್ ‘ಒಳ್ಳೆಯದು’ ಎನ್ನಲು ಇಟ್ಟಿರುವ ಮಿತಿ ಹೀಗಿದೆ: ಪರದೆಯ ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟ ತೆರೆಯುವಾಗ ಅಕ್ಷರ, ಗುಂಡಿಗಳು ಜಿಗಿದಾಡುವ ಅಳತೆ 0.1 ಮೀರಬಾರದು. ಇದೂ ನೂರರಲ್ಲಿ 75 ಭೇಟಿಗಳಿಗೆ ಅನ್ವಯಿಸಬೇಕು. ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ಸೈಟಿನ ವಿಳಾಸ ಹಾಕಿ ನೋಡಿ. ಆದರೆ ಅಲ್ಲಿ ಬರುವ ನೂರರ ಅಂಕಕ್ಕೆ ಬಹಳ ತಲೆ ಕೆಡಿಸಿಕೊಳ್ಳಬೇಡಿ, ಅದು ಪ್ರಯೋಗಾಲಯದ ಅಂಕ, ನಿಜವಾದ ಗಿರಾಕಿಗಳ ಅನುಭವದ್ದಲ್ಲ. ಅಂಕ 95 ಬಂದು ಆರ್ಡರ್ 30ರಲ್ಲೇ ನಿಂತ ಸೈಟ್‌ಗಳು ಬೇಕಾದಷ್ಟಿವೆ. ವೇಗ ಒಂದು ಅಡ್ಡಿಯನ್ನು ತೆಗೆಯುತ್ತದೆ ಅಷ್ಟೇ. ಇನ್ನೊಂದು, ವಿಡಿಯೊ ತುಂಬಿದ ಆ ಮೊದಲ ಪರದೆಯಲ್ಲಿ ಬೆಲ್ಲವೂ ಇಲ್ಲ, ಬೆಲೆಯೂ ಇಲ್ಲ. ನಾಲ್ಕು ಸಲ ಸರಿಸಿದ ಮೇಲೆ ಬರುತ್ತದೆ.

ಕನ್ನಡ ಪುಟದ ತೊಂದರೆ ಡಿಸೈನರ್‌ಗಳ ಕಣ್ಣಿಗೆ ಬೀಳುವುದು ಕಮ್ಮಿ. ಇಂಗ್ಲಿಷಿಗೆ ಹೊಂದಿಸಿದ, ಅಕ್ಷರದ ಗಾತ್ರದ 1.2 ಪಟ್ಟು ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಟ್ಟಿದ್ದಾರೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆ. ಗುಂಡಿಯೊಳಗಂತೂ ‘ಬುಟ್ಟಿಗೆ’ ಎಂಬಲ್ಲಿ ಟ ಒತ್ತು ಅರ್ಧ ಕತ್ತರಿಸಿದೆ. 1.6ರಷ್ಟು ಕೊಟ್ಟರೆ ಉಸಿರಾಡುತ್ತದೆ. ಸರಕಿನ ಹೆಸರುಗಳನ್ನು ಚಿತ್ರದೊಳಗೆ ಬರೆದಿದ್ದಾರೆ, ಅದನ್ನು ನಿಜವಾದ ಯೂನಿಕೋಡ್ ಅಕ್ಷರವಾಗಿ ಬದಲಿಸಿ. ಹಳೆಯ ನುಡಿ ಫಾಂಟಿನ ಬರಹವನ್ನು ಹಾಗೇ ಅಂಟಿಸಿದ್ದರೂ ಪರಿವರ್ತಿಸಬೇಕು. ಇಲ್ಲದಿದ್ದರೆ ‘ಜೋನಿ ಬೆಲ್ಲ’ ಎಂದು ಹುಡುಕುವವರಿಗೆ ನೀವು ಸಿಗುವುದೇ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ ಇವನ್ನು ಸರಕಿನ ಪುಟದಲ್ಲೇ ಕಾಣುವಂತಿಡಿ. ಇದು ನಿಯಮವೂ ಹೌದು, ಹೊಸಬರಿಗೆ ಧೈರ್ಯವೂ ಹೌದು.

ಇಷ್ಟು ನಾನು ದೂರದಿಂದ ನೋಡಿ ಹೇಳಿದ್ದು. ನೀವೇ ಕಣ್ಣಾರೆ ನೋಡಬೇಕಾದರೆ ಸೈಟನ್ನು ಎಂದೂ ಕಾಣದ ಐದು ಜನರನ್ನು ಹಿಡಿಯಿರಿ. ನೆಂಟರು ಬೇಡ, ಹೊಗಳುತ್ತಾರೆ. ಅವರದೇ ಮೊಬೈಲಿನಲ್ಲಿ, ವೈಫೈ ಆರಿಸಿ, ಒಂದೇ ಕೆಲಸ ಕೊಡಿ: ‘ಮೈಸೂರಿನ ಸರಸ್ವತಿಪುರಂನ ಒಂದು ವಿಳಾಸಕ್ಕೆ ಎರಡು ಕಿಲೋ ಪುಡಿ ಬೆಲ್ಲ ಕಳಿಸಬೇಕು. ಒಟ್ಟು ಎಷ್ಟಾಗುತ್ತದೆ, ಎಂದು ತಲುಪುತ್ತದೆ?’ ‘ಹೇಗಿದೆ’ ಎಂದು ಕೇಳಲೇಬಾರದು. ಅವರು ತಡವರಿಸಿದಾಗ ‘ಅಲ್ಲಿ ಮೇಲೆ ಒತ್ತಿ’ ಎನ್ನಲು ನಾಲಗೆ ತುರಿಸುತ್ತದೆ, ತಡೆದುಕೊಳ್ಳಿ. ಹೆಬ್ಬೆರಳು ಎಲ್ಲಿ ನಿಂತಿತು, ಎಲ್ಲಿ ಹಿಂದಕ್ಕೆ ಹೋದರು ಎಂದು ಬರೆದುಕೊಳ್ಳಿ. ಐವರಲ್ಲಿ ಮೂವರು ಒಂದೇ ಜಾಗದಲ್ಲಿ ಎಡವಿದರೆ ಮತ್ತೆ ಪುರಾವೆ ಬೇಡ. ಮೈಕ್ರೋಸಾಫ್ಟ್ ಕ್ಲಾರಿಟಿ ಎಂಬ ಉಚಿತ ಸಾಧನ ಹಾಕಿದರೆ ಅಪರಿಚಿತರು ಎಲ್ಲಿ ಒತ್ತಿದರು, ಎಲ್ಲಿ ಸಿಟ್ಟಿನಿಂದ ಪದೇ ಪದೇ ಒತ್ತಿದರು ಎಂಬುದೂ ಕಾಣುತ್ತದೆ.

ಬದಲಾವಣೆ ಫಲಿಸಿತೇ ಎಂದು ಹೇಗೆ ತಿಳಿಯುವುದು? ಇಲ್ಲಿ ಅವಸರ ಮಾಡಿದರೆ ಮೋಸ ಹೋಗುತ್ತೀರಿ. ಏನೂ ಬದಲಿಸದೆ ಬಿಟ್ಟರೂ 30 ಆರ್ಡರ್ ಬರುವ ಅಂಗಡಿಯಲ್ಲಿ ಒಂದು ತಿಂಗಳು 22, ಇನ್ನೊಂದು ತಿಂಗಳು 38 ಬರುವುದು ಸಹಜ. ಒರಟು ಲೆಕ್ಕಕ್ಕೆ 30ರ ವರ್ಗಮೂಲ ಐದೂವರೆ, ಅದರ ಎರಡರಷ್ಟು 11. ಅಂದರೆ 19ರಿಂದ 41ರವರೆಗಿನ ಏರಿಳಿತವನ್ನು ಆಕಸ್ಮಿಕ ಎಂದೇ ಹಿಡಿಯಬೇಕು. ಅರ್ಧ ಜನಕ್ಕೆ ಹಳೆಯ ಪುಟ, ಅರ್ಧ ಜನಕ್ಕೆ ಹೊಸ ಪುಟ ತೋರಿಸಿ ಹೋಲಿಸೋಣ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ: ನೂರಕ್ಕೆ 1.2 ಕೊಳ್ಳುತ್ತಿದ್ದದ್ದು 1.8ಕ್ಕೆ ಏರಿತು ಎಂದು ನಂಬಿಕೆಯಿಂದ ಹೇಳಲು ಒಂದೊಂದು ಪುಟಕ್ಕೂ ಸುಮಾರು 6,500 ಜನ ಬೇಕು. ಎರಡಕ್ಕೆ 13,000. ನಿಮಗೆ ಅಷ್ಟು ಜನ ಬರಲು ಐದು ತಿಂಗಳ ಮೇಲಾಗುತ್ತದೆ. ಅದಕ್ಕೆ ಕೊನೆಯ ಮೆಟ್ಟಿಲನ್ನು ಬಿಟ್ಟು ಅದರ ಹಿಂದಿನ ಮೆಟ್ಟಿಲುಗಳನ್ನು ಅಳೆಯಿರಿ. ಬುಟ್ಟಿಗೆ ಹಾಕಿದವರ ಸಂಖ್ಯೆ 170ರಿಂದ 260ಕ್ಕೆ ಹೋದರೆ ಅದು ಆಕಸ್ಮಿಕವಲ್ಲ, ಒಂದೇ ತಿಂಗಳಲ್ಲಿ ಗೊತ್ತಾಗುತ್ತದೆ.

ಹೋಲಿಸುವಾಗ ಇಂಗ್ಲಿಷ್ ತಿಂಗಳು ನಂಬಬೇಡಿ. ಬೆಲ್ಲದ ವ್ಯಾಪಾರ ಹಬ್ಬದ ಹಿಂದೆ ಓಡುತ್ತದೆ, ಹಬ್ಬ ಚಂದ್ರನ ಹಿಂದೆ. 2024ರಲ್ಲಿ ಯುಗಾದಿ ಏಪ್ರಿಲ್ 9, ಗಣೇಶನ ಹಬ್ಬ ಸೆಪ್ಟೆಂಬರ್ 7; 2025ರಲ್ಲಿ ಅವೇ ಮಾರ್ಚ್ 30 ಮತ್ತು ಆಗಸ್ಟ್ 27. ಆಗಸ್ಟಿಗೆ ಆಗಸ್ಟ್ ಹೋಲಿಸಿ ‘ಹೊಸ ಡಿಸೈನ್ ದುಪ್ಪಟ್ಟು ತಂದಿತು’ ಎಂದರೆ ಆ ಕೀರ್ತಿ ಕಡುಬಿನದು. ಹಬ್ಬದ ಹಿಂದಿನ ಮೂರು ವಾರಕ್ಕೆ ಹೋದ ಸಲದ ಅದೇ ಮೂರು ವಾರ ಹೋಲಿಸಿ. ಸಂಕ್ರಾಂತಿ ಮಾತ್ರ ಸೂರ್ಯನ ಲೆಕ್ಕ, ಜನವರಿ ಬಿಟ್ಟು ಕದಲುವುದಿಲ್ಲ. ಮಳೆಗಾಲದಲ್ಲಿ ಬೆವತು ನೀರಾದ ಬೆಲ್ಲ ತಲುಪಿ ಮರಳಿ ಬರುವ ಗಿರಾಕಿ ಕಮ್ಮಿಯಾದರೆ ಅದೂ ಡಿಸೈನಿನ ತಪ್ಪಲ್ಲ, ಪ್ಯಾಕಿಂಗಿನದು.

ಕೆಲಸದ ಸರದಿ ಹೀಗಿರಲಿ: ಮೊದಲ ವಾರ ಅನಲಿಟಿಕ್ಸ್ ಮೆಟ್ಟಿಲು, ವಾಟ್ಸಾಪ್ ಸಂದೇಶ. ಎರಡು ವಾರ ಏನೂ ಮುಟ್ಟದೆ ಅಂಕಿ ಕೂಡಲು ಬಿಡಿ. ಆಮೇಲೆ ಸಾಗಾಟದ ಬೆಲೆ ಮುಂದಕ್ಕೆ ತರುವುದು, ಖಾತೆ ತೆರೆಯುವುದನ್ನು ಕಿತ್ತುಹಾಕುವುದು. ಅದಾಗಿ ತಿಂಗಳ ಮೇಲೆ ಫೋಟೊ, 5 ಕಿಲೋ ಕಟ್ಟು, ಸಗಟು ಪುಟ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ಬದಲಿಸಿದ ದಿನಾಂಕಗಳನ್ನು ಗೋಡೆಯ ಪಂಚಾಂಗದ ಮೇಲೆಯೇ ಬರೆದಿಡಿ, ಹಬ್ಬವೂ ಪಕ್ಕದಲ್ಲೇ ಕಾಣುತ್ತದೆ.

ಬಾಕಿ 20,000ದ ವಿಷಯ. ನಿಮ್ಮ ಒಪ್ಪಂದದಲ್ಲಿ ಪುಟಗಳ ಸಂಖ್ಯೆ, ಬಣ್ಣ, ವಿಡಿಯೊ ಇವಿಷ್ಟೇ ಬರೆದಿದ್ದರೆ, ಅದನ್ನು ಅವರು ಮಾಡಿಕೊಟ್ಟಿದ್ದಾರೆ, ಕೊಡಬೇಕು. ಕೊಡುವ ದಿನ ಡೊಮೇನ್ ಹೆಸರು (ಸೈಟಿನ ವಿಳಾಸ) ನಿಮ್ಮ ಹೆಸರಿನಲ್ಲಿ ನೋಂದಣಿಯಾಗಿದೆಯೇ, ಹೋಸ್ಟಿಂಗ್ (ಸೈಟ್ ಇಟ್ಟಿರುವ ಜಾಗ), ಅನಲಿಟಿಕ್ಸ್, ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣುತ್ತದೆ ಎಂಬ ಲೆಕ್ಕ), ಪೇಮೆಂಟ್ ಗೇಟ್‌ವೇ ನಾಲ್ಕಕ್ಕೂ ಮಾಲೀಕರಾಗಿ ನಿಮ್ಮ ಇಮೇಲ್ ಇದೆಯೇ ಎಂದು ಎದುರಿಗೆ ಕೂತು ತೆರೆದು ನೋಡಿ. ಮುಂದಿನ ತಿದ್ದುಪಡಿಗೆ ಅವರನ್ನೇ ಕರೆಯುವುದಾದರೆ ಈ ಸಲ ಕಾಗದದಲ್ಲಿ ಬರೆಯಬೇಕಾದ ಸಾಲು: ‘ಸರಕಿನ ಪುಟದಲ್ಲಿ ಪಿನ್‌ಕೋಡ್ ಹಾಕಿದರೆ ಒಟ್ಟು ಬೆಲೆ ಕಾಣಬೇಕು, ಐದು ಚೌಕದಲ್ಲಿ ಆರ್ಡರ್ ಮುಗಿಯಬೇಕು, ಐದೂ ಮೆಟ್ಟಿಲ ಲೆಕ್ಕ ಅನಲಿಟಿಕ್ಸ್‌ನಲ್ಲಿ ಬಂದ ಮೇಲೆ ಕೊನೆಯ ಕಂತು.’